ದ್ರೌಪದಿಯ ಶ್ರುತಿ ಯಾವುದು?

ನಮ್ಮ ದೊಡ್ಡಬೆಳವಂಗಲದ ಕಡೆ ನಾಟಕ ಎಂದರೆ ‘ಕುರುಕ್ಷೇತ್ರ’. ಬೇರೆ ನಾಟಕಗಳನ್ನು ಆಡುವುದಿಲ್ಲವೆಂದಲ್ಲ, ಆದರೆ ಊರಿಗೆ ಊರೇ ನಿದ್ದೆಗೆಟ್ಟು ಕೂರುವುದು ಇದಕ್ಕೆ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಗದಾಯುದ್ಧದ ಹೊತ್ತಿಗೆ ಬೆಳಕು ಹರಿಯುತ್ತದೆ. ಪಾರ್ಟು ಮಾಡುವವರು ರೈತರು, ಮಗ್ಗದವರು, ಡ್ರೈವರುಗಳು. ಪಾರ್ಟಿಗೆ ದುಡ್ಡು ಹಾಕುವವರೂ ಅವರೇ. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರುತ್ತಾರೆ, ಒಂದು ರಾತ್ರಿಯ ಸಂಭಾವನೆಗೆ, ಬಹಳ ಸಲ ನಾಟಕದ ದಿನವೇ. ಗಂಡಸರಿಗೆ ತಿಂಗಳುಗಟ್ಟಲೆ ಪ್ರಾಕ್ಟೀಸು. ಆ ಹೆಂಗಸರಿಗೆ ಬಣ್ಣ ಹಚ್ಚಿಕೊಳ್ಳುವಾಗ ಸಿಕ್ಕ ಹತ್ತು ನಿಮಿಷ.

ನಾನು ಚಿಕ್ಕವಳಿದ್ದಾಗ ಒಂದು ವರ್ಷ ಅಪ್ಪ ಕೃಷ್ಣನ ಪಾರ್ಟು ಮಾಡಿದ್ದರು. ಸಂಧಾನಕ್ಕೆ ಹೊರಟ ಕೃಷ್ಣನನ್ನು ದ್ರೌಪದಿ ತಡೆದು ತನ್ನ ಬಿಚ್ಚಿದ ಮುಡಿ ತೋರಿಸುವ ದೃಶ್ಯ. ಅಪ್ಪ ಮೋಹನ ರಾಗದಲ್ಲಿ ಪದ್ಯ ಹಾಡಿ ಶಿಳ್ಳೆ ಗಿಟ್ಟಿಸಿದರು. ಉತ್ತರವಾಗಿ ದ್ರೌಪದಿ ಅದೇ ರಾಗದಲ್ಲಿ ಎತ್ತಿಕೊಂಡಳು. ಜನ ಗುಸುಗುಸು ಶುರುಮಾಡಿದರು. ಮರುದಿನ ಹೋಟೆಲಿನ ಮುಂದೆ ಒಂದೇ ಮಾತು: “ಹೆಂಗ್ಸು ಶ್ರುತಿ ಬಿಟ್ಳು.” ನಾನೂ ಹಾಗೆಂದೇ ನಂಬಿದ್ದೆ. ಆ ರಾತ್ರಿಯ ಕ್ಯಾಸೆಟ್ಟು ಮನೆಯಲ್ಲಿ ಉಳಿದಿತ್ತು. ಪೌರಾಣಿಕ ನಾಟಕಗಳ ಪದ್ಯಗಳ ಮೇಲೆ ಸಂಶೋಧನೆಗೆ ಸೇರಿದ ಮೇಲೆ ಅದನ್ನು ಕೇಳಿದೆ. ಒಂದು ಸಲವಲ್ಲ, ಮೂವತ್ತು ನಲವತ್ತು ಸಲ. ಆ ಹೆಂಗಸು ಶ್ರುತಿ ಬಿಟ್ಟಿರಲಿಲ್ಲ.

ಇದನ್ನು ವಿವರಿಸಲು ಸ್ವಲ್ಪ ಹಾರ್ಮೋನಿಯಂ ಬೇಕು. ನಾಟಕದ ಮೇಷ್ಟ್ರು ನುಡಿಸುತ್ತಿದ್ದದ್ದು ಲೆಗ್ ಹಾರ್ಮೋನಿಯಂ. ಗಾಳಿ ಊದುವ ಕೆಲಸ ಕಾಲಿನದು, ಆದ್ದರಿಂದ ಎರಡೂ ಕೈಗಳು ಮನೆಗಳ ಮೇಲಿರುತ್ತವೆ. ಎಡಗೈ ಶ್ರುತಿ ಹಿಡಿದರೆ ಬಲಗೈ ಪದ್ಯವನ್ನು ಹಿಂಬಾಲಿಸುತ್ತದೆ. ಅಪ್ಪನ ಶ್ರುತಿ ಕಪ್ಪು ಒಂದು. ಕಲಾವಿದೆಯದು ಕಪ್ಪು ನಾಲ್ಕು, ಎಂದರೆ ಅಪ್ಪನ ಪಂಚಮವೇ ಆಕೆಯ ಷಡ್ಜ. ಹಳೆಯ ಕ್ಯಾಸೆಟ್ಟಿನ ವೇಗವನ್ನು ನಂಬುವಂತಿಲ್ಲವಾದ್ದರಿಂದ ಈ ಮನೆಗಳನ್ನು ಮೇಷ್ಟ್ರನ್ನೇ ಕೇಳಿ ಗೊತ್ತುಮಾಡಿಕೊಂಡೆ.

ಕಪ್ಪು ಒಂದರಿಂದ ಮೋಹನ ನುಡಿಸಲು ಬೇಕಾದ ಮನೆಗಳು ಐದು: ಕಪ್ಪು ಒಂದು, ಕಪ್ಪು ಎರಡು, ಬಿಳಿ ನಾಲ್ಕು, ಕಪ್ಪು ನಾಲ್ಕು, ಕಪ್ಪು ಐದು. ಇವೇ ಐದು ಮನೆಗಳನ್ನು ಇಟ್ಟುಕೊಂಡು ಕಪ್ಪು ನಾಲ್ಕನ್ನು ಷಡ್ಜ ಮಾಡಿದರೆ ಬರುವುದು ಮೋಹನವಲ್ಲ, ಶುದ್ಧ ಸಾವೇರಿ. ಸಂಗೀತಶಾಸ್ತ್ರದಲ್ಲಿ ಇದಕ್ಕೆ ಗ್ರಹಭೇದ ಎನ್ನುತ್ತಾರೆ. ಕಲಾವಿದೆಗೆ ಆಕೆಯ ಶ್ರುತಿಯಲ್ಲೇ ಮೋಹನ ಬೇಕಾದರೆ ಮನೆಗಳನ್ನು ಬದಲಾಯಿಸಬೇಕು. ಎಷ್ಟು ಮನೆ? ಎಣಿಸಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ನಾಲ್ಕು ಮನೆಗಳು ಇಬ್ಬರಿಗೂ ಸಮಾನ. ಬದಲಾಗಬೇಕಾದದ್ದು ಒಂದೇ ಒಂದು: ಕಪ್ಪು ಒಂದು ಹೋಗಿ ಅದರ ಪಕ್ಕದ ಬಿಳಿ ಒಂದು ಬರಬೇಕು. ಆ ಕಪ್ಪು ಒಂದೇ ಕೃಷ್ಣನ ಷಡ್ಜ. ಅದನ್ನು ಬಿಟ್ಟರೆ ಮಾತ್ರ ದ್ರೌಪದಿಗೆ ಮೋಹನ.

ಕ್ಯಾಸೆಟ್ಟಿನಲ್ಲಿ ಕೇಳುವುದು ಇಷ್ಟು. ದ್ರೌಪದಿ ತನ್ನ ಶ್ರುತಿಯಲ್ಲಿ ಸರಿಯಾಗಿಯೇ ಎತ್ತಿಕೊಂಡಿದ್ದಾಳೆ. ಕೆಳಗೆ ಹಾರ್ಮೋನಿಯಂ ಇನ್ನೂ ಕಪ್ಪು ಒಂದನ್ನು ಬಿಟ್ಟಿಲ್ಲ. ಆಕೆಯ ಗಾಂಧಾರ ಬರುವುದು ಬಿಳಿ ಒಂದರಲ್ಲಿ. ಅಕ್ಕಪಕ್ಕದ ಆ ಎರಡು ಸ್ವರಗಳು ಒಂದಕ್ಕೊಂದು ಉಜ್ಜಿ ಕಿವಿಗೆ ಮರಳು ಬಿದ್ದಂತಾಗುತ್ತದೆ. ಎರಡು ಸಾಲು ಹೀಗೆ. ಮೂರನೆಯ ಸಾಲಿಗೆ ಕಪ್ಪು ಒಂದು ನಿಲ್ಲುತ್ತದೆ, ಎಲ್ಲ ತಿಳಿಯಾಗುತ್ತದೆ. ಅಷ್ಟರಲ್ಲಿ ಜನ ತೀರ್ಪು ಕೊಟ್ಟಾಗಿತ್ತು.

ಮೇಷ್ಟ್ರಿಗೆ ಈಗ ವಯಸ್ಸಾಗಿದೆ. ಕ್ಯಾಸೆಟ್ಟು ಕೇಳಿಸಿ, ಯಾಕೆ ತಡವಾಯಿತೆಂದು ಕೇಳಿದೆ. ಇನ್ನೊಮ್ಮೆ ಹಾಕು ಎಂದರು. ಆಮೇಲೆ ಹೇಳಿದರು: “ನಿಮ್ಮಪ್ಪ ಇನ್ನೂ ಸಾ ಬಿಟ್ಟಿರ್ಲಿಲ್ಲ ಕಣಮ್ಮ. ಅವ್ರು ಬಿಡ್ದೆ ನಾನೆಂಗ್ ಬಿಡ್ಲಿ?” ಮತ್ತೆ ಕೇಳಿದೆ. ನಿಜ. ಶಿಳ್ಳೆಗಳ ಹಿಂದೆ, ಮೈಕಿನಿಂದ ತುಸು ದೂರ ಸರಿದು, ಅಪ್ಪ ಕೊನೆಯ ಷಡ್ಜವನ್ನು ಇನ್ನೂ ಎಳೆಯುತ್ತಲೇ ಇದ್ದಾರೆ. ಪಾರ್ಟಿಗೆ ದುಡ್ಡು ಕೊಟ್ಟವರು, ಊರಿನವರು, ಶಿಳ್ಳೆ ಬಿದ್ದವರು. ಮೇಷ್ಟ್ರ ಎಡಗೈ ಯಾರ ಮಾತು ಕೇಳಬೇಕಿತ್ತೋ ಅವರ ಮಾತು ಕೇಳಿತು.

ಇದನ್ನು ಒಂದು ರಾತ್ರಿಯ ಎಡವಟ್ಟು ಎಂದು ಬಿಟ್ಟುಬಿಡಬಹುದಿತ್ತು. ಆದರೆ ನಮ್ಮ ವಿಮರ್ಶೆಯೂ ಈ ನಾಟಕಗಳನ್ನು ಮರುದಿನದ ಹೋಟೆಲಿನವರ ಹಾಗೆಯೇ ಕೇಳಿದೆ ಎಂಬುದು ನನ್ನ ತಕರಾರು. ಆಧುನಿಕ ಕನ್ನಡ ನಾಟಕದ ಚರಿತ್ರೆ ಕೈಲಾಸಂ, ಸಂಸ, ಶ್ರೀರಂಗ, ಕಾರ್ನಾಡ್ ಎಂದು ಸಾಗುತ್ತದೆ. ಕಂಪನಿ ನಾಟಕಕ್ಕೆ ಒಂದು ಅಧ್ಯಾಯ ಸಿಗುತ್ತದೆ. ಕಂಪನಿಗಳಿಂದ ಹಳ್ಳಿಗೆ ಇಳಿದು ಇಂದಿಗೂ ಆಡುತ್ತಿರುವ ನಾಟಕಕ್ಕೆ ಒಂದು ಪ್ಯಾರಾ. ಅದರಲ್ಲೂ ಬರುವ ಆಕ್ಷೇಪ ಒಂದೇ: ಪದ್ಯ ಹೆಚ್ಚು, ಕಥೆ ನಿಲ್ಲುತ್ತದೆ, ಹಾಡು ಕಿರುಚಾಟ. ಈ ತೀರ್ಮಾನ ಹುಟ್ಟುವುದು ಅಚ್ಚಾದ ಪುಸ್ತಕದಿಂದ. ನನ್ನ ಕೈಗೆ ಬಂದ ಪ್ರತಿಗಳಲ್ಲಿ ಪದ್ಯದ ಮೇಲೆ ರಾಗದ ಹೆಸರಿದೆ, ಕೆಲವೆಡೆ ತಾಳವಿದೆ, ಶ್ರುತಿ ಎಲ್ಲಿಯೂ ಇಲ್ಲ. ಕೃಷ್ಣನದೂ ಮೋಹನ, ದ್ರೌಪದಿಯದೂ ಮೋಹನ ಎಂದು ಓದಿದವರಿಗೆ ಅದು ಪುನರಾವರ್ತನೆಯಾಗಿ ಕಾಣುತ್ತದೆ. ರಂಗದ ಮೇಲೆ ಅದು ಜಗಳ. ಸಂಧಾನ ಬೇಡವೆನ್ನುವವಳು ಸಂಧಾನಕ್ಕೆ ಹೊರಟವನ ರಾಗವನ್ನೇ ಎತ್ತಿಕೊಂಡು, ಅದರ ನೆಲವನ್ನು ಬದಲಾಯಿಸುತ್ತಾಳೆ. ಅಲ್ಲಿ ಕಥೆ ನಿಲ್ಲುತ್ತಿಲ್ಲ, ನಡೆಯುತ್ತಿದೆ.

‘ಕಿರುಚಾಟ’ದ ಮಾತಿಗೂ ಇಲ್ಲೇ ಉತ್ತರವಿದೆ. ಗಂಡಸಿನ ಶ್ರುತಿಯಲ್ಲೇ ಹಾಡು ಎಂದರೆ ಹೆಣ್ಣುದನಿಗೆ ಎರಡೇ ದಾರಿ. ಕೆಳಗಿನ ಸ್ಥಾಯಿಗೆ ಇಳಿದರೆ ಹಿಂದಿನ ಸಾಲಿಗೆ ಕೇಳುವುದಿಲ್ಲ. ಮೇಲಿನದಕ್ಕೆ ಹತ್ತಿದರೆ ತಾರಸ್ಥಾಯಿಯಲ್ಲಿ ಗಂಟಲು ಹರಿಯುತ್ತದೆ. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ, ಮೈಕಿಲ್ಲದೆ ಎಲ್ಲರೂ ದನಿ ಏರಿಸಿಯೇ ಹಾಡಬೇಕಿದ್ದಾಗ, ಈ ಅಂತರ ಇಷ್ಟು ದೊಡ್ಡದಿದ್ದಿರಲಾರದು. ರಂಗಕ್ಕೆ ಹೆಂಗಸರು ಬಂದರು, ಮೈಕು ಬಂತು, ಗಂಡಸರ ಶ್ರುತಿ ಕೆಳಗಿಳಿಯಿತು. ನಡುವಿನ ಹೊಂಡ ದಾಟಿಸುವ ಕೆಲಸ ಮೇಷ್ಟ್ರ ಪಾಲಿಗೆ ಬಂತು.

ಹಾರ್ಮೋನಿಯಂ ಬಗ್ಗೆ ಸಂಗೀತದ ದೊಡ್ಡವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ರವೀಂದ್ರನಾಥ ಟಾಗೋರರೂ ಅದರ ವಿರೋಧಿಯೇ. ಅವರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಅದರಲ್ಲಿ ಗಮಕ ಬರುವುದಿಲ್ಲ. ಹನ್ನೆರಡು ಮನೆಗಳನ್ನೂ ಸಮ ದೂರದಲ್ಲಿ ಕೂರಿಸಿರುವುದರಿಂದ, ತಂಬೂರಿಗೆ ಒಪ್ಪುವ ಅಂತರ ಗಾಂಧಾರ ಅದರಲ್ಲಿ ತುಸು ಮೇಲೆಯೇ ನಿಲ್ಲುತ್ತದೆ. ಆದರೆ ಮನೆಗಳು ಸಮ ದೂರದಲ್ಲಿರುವುದರಿಂದಲೇ ಯಾವ ಮನೆ ಬೇಕಾದರೂ ಷಡ್ಜವಾಗಬಹುದು, ಒಂದೇ ಪೆಟ್ಟಿಗೆಯಲ್ಲಿ ಕೃಷ್ಣನೂ ದ್ರೌಪದಿಯೂ ಇರಬಹುದು. ಕಛೇರಿಯಲ್ಲಿ ದೋಷವಾದದ್ದು ನಾಟಕದಲ್ಲಿ ಅನುಕೂಲ.

ಅಮೆರಿಕದ ಕಂಟ್ರಿ ಸಂಗೀತದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಎಂಬ ವಾದ್ಯವಿದೆ. ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಅದರ ವಿಡಿಯೋ ತೋರಿಸಿದಾಗ ನನಗೆ ಮೇಷ್ಟ್ರ ಕಾಲು ನೆನಪಾಯಿತು. ಮೇಜಿನಂತೆ ಮುಂದಿಟ್ಟುಕೊಂಡು, ಎಡಗೈಯ ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುತ್ತಾ ನುಡಿಸುತ್ತಾರೆ. ಹಲವು ವಾದ್ಯಗಳಲ್ಲಿ ಎರಡು ಕತ್ತುಗಳು, ಒಂದಕ್ಕೆ ಇ-ನೈನ್ತ್ ಶ್ರುತಿ, ಇನ್ನೊಂದಕ್ಕೆ ಸಿ-ಸಿಕ್ಸ್ತ್. ಕೆಲವರು ಒಂದೇ ಕತ್ತಿನಲ್ಲಿ ಮೀಟುಗೋಲಿನಿಂದ ಒಂದು ಶ್ರುತಿಯಿಂದ ಇನ್ನೊಂದಕ್ಕೆ ದಾಟುವಂತೆ ಮಾಡಿಕೊಳ್ಳುತ್ತಾರೆ. ಪೆಡಲ್ ಒತ್ತಿದರೆ ಎಲ್ಲ ತಂತಿಗಳೂ ಬದಲಾಗುವುದಿಲ್ಲ, ಬೇಕಾದವು ಮಾತ್ರ ಬಿಗಿಯುತ್ತವೆ. ಇ-ನೈನ್ತ್‌ನಲ್ಲಿ ಮೊದಲ ಎರಡು ಪೆಡಲ್‌ಗಳನ್ನು ಒತ್ತಿದರೆ ಇ ಸ್ವರಮೇಳ ಎ ಸ್ವರಮೇಳವಾಗುತ್ತದೆ. ಎರಡು ಸ್ವರ ಮೇಲೇರುತ್ತವೆ, ಇ ತಂತಿ ಇದ್ದಲ್ಲೇ ಇರುತ್ತದೆ. ಇದ್ದದ್ದರಲ್ಲಿ ಹೆಚ್ಚಿನದನ್ನು ಉಳಿಸಿಕೊಂಡು ಇನ್ನೊಂದು ನೆಲೆಗೆ ದಾಟುವ ಈ ಉಪಾಯ ನಮ್ಮ ಮೇಷ್ಟ್ರಿಗೂ ಗೊತ್ತಿತ್ತು. ವ್ಯತ್ಯಾಸವೆಂದರೆ, ಆ ಗಿಟಾರಿನವನು ಯಾವಾಗ ಒತ್ತಬೇಕೆಂಬುದನ್ನು ತಾನೇ ನಿರ್ಧರಿಸುತ್ತಾನೆ.

ಈಗ ನಮ್ಮ ಕಡೆ ಲೆಗ್ ಹಾರ್ಮೋನಿಯಂ ಕಡಿಮೆಯಾಗಿ ಕೀಬೋರ್ಡ್ ಬಂದಿದೆ. ಅದರಲ್ಲಿ ಟ್ರಾನ್ಸ್‌ಪೋಸ್ ಗುಂಡಿಯಿದೆ. ಒತ್ತಿದರೆ ಶ್ರುತಿ ಬದಲು, ಬೆರಳು ಕದಲಬೇಕಿಲ್ಲ. ಹಳೆಯದು ಹೋಯಿತೆಂದು ಅಳುವ ಪ್ರಬಂಧ ಇದಲ್ಲ. ಆ ರಾತ್ರಿ ಅಂಥದ್ದೊಂದು ಗುಂಡಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ನಾನೂ ಅಂದುಕೊಂಡಿದ್ದೆ. ಹೋದ ವರ್ಷದ ನಾಟಕದಲ್ಲಿ ಕೀಬೋರ್ಡಿನ ಪಕ್ಕದಲ್ಲೇ ಕೂತು ನೋಡಿದೆ. ದ್ರೌಪದಿ ಎತ್ತಿಕೊಂಡಳು, ಗುಂಡಿಯನ್ನು ಯಾರೂ ಒತ್ತಲಿಲ್ಲ. ಆಕೆಯ ಶ್ರುತಿ ಯಾವುದೆಂದು ಯಾರೂ ಕೇಳಿರಲಿಲ್ಲ. ಆಕೆ ಕೃಷ್ಣನ ಶ್ರುತಿಗೇ ಹತ್ತಿ ಹಾಡಿದಳು. ಪಕ್ಕದವರು ಹೇಳಿದ್ದು ಅದೇ ಹಳೆಯ ಮಾತು.

ಅಪ್ಪನಿಗೂ ಕ್ಯಾಸೆಟ್ಟು ಕೇಳಿಸಿದೆ. ತಮ್ಮ ಪದ್ಯಕ್ಕೆ ತಲೆದೂಗಿದರು. ಕೊನೆಯ ಷಡ್ಜ ಬಂದಾಗ ತಲೆ ನಿಂತಿತು. ದ್ರೌಪದಿಯ ಎರಡು ಸಾಲು ಮುಗಿಯುವವರೆಗೆ ಸುಮ್ಮನಿದ್ದು, “ಆಯಮ್ಮ ಸರಿಯಾಗೇ ಹಾಡೌಳೆ” ಅಂದರು. ಅಷ್ಟೇ.

ಪ್ರಬಂಧಕ್ಕಾಗಿ ಈ ಪದ್ಯಗಳನ್ನು ಬರೆದುಕೊಳ್ಳುವಾಗ ಈಗ ರಾಗ, ತಾಳದ ಜೊತೆ ಹಾಡಿದವರ ಶ್ರುತಿಯನ್ನೂ ಬರೆಯುತ್ತಿದ್ದೇನೆ. ಆ ರಾತ್ರಿಯ ಪದ್ಯದ ಮೇಲೆ ಹೀಗಿದೆ: ದ್ರೌಪದಿ, ಮೋಹನ, ಕಪ್ಪು ನಾಲ್ಕು. ಮೊದಲೆರಡು ಸಾಲಿಗೆ ಹಾರ್ಮೋನಿಯಂ ಕೃಷ್ಣನ ಶ್ರುತಿಯಲ್ಲಿ.