ಯಾರ ಸೀರೆ ಇದು?

ಕೂಸಿನ ಕೌದಿಯನ್ನ ಕಣ್ಣಿಂದ ನೋಡಿದ್ರೆ ಸಾಲದು, ಕೆನ್ನೆಗೆ ಒತ್ತಿ ನೋಡ್ಬೇಕು. ಉತ್ತರ ಕರ್ನಾಟಕದ ಅಜ್ಜಿಯರು ಹಳೇ ಸೀರೆ, ಧೋತರಗಳಿಂದ ಕೌದಿ ಹೊಲಿದದ್ದು ಬರೀ ಬಡತನಕ್ಕಲ್ಲ. ವರ್ಷಗಟ್ಟಲೆ ಒಗೆದ ಹತ್ತಿಯ ಮೆತ್ತನೆತನ ಹೊಸ ಬಟ್ಟೆಗೆ ಬರೋದಿಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕವಂದಿಯಂತೂ ನನಗೆ ಇನ್ನೂ ಇಷ್ಟ. ಅಂಚಿನಿಂದ ಶುರುವಾದ ಕೈಹೊಲಿಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತೆ. ಸಾಲು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಸ್ವಲ್ಪ ಸೊಟ್ಟಗೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ಪುಟ್ಟ ಹೂವು ಕೂರದೆ ಅದು ಮುಗಿದ ಲೆಕ್ಕವಲ್ಲ.

ಮೊನ್ನೆ ನಾಮಕರಣವೊಂದರಲ್ಲಿ ಬೊಟಿಕ್ ಕೌದಿ ಮುಟ್ಟಿದೆ. ಹೊಸ ಬಟ್ಟೆ, ಸ್ಕೇಲ್ ಹಿಡಿದಂಥ ಹೊಲಿಗೆ, ಗಂಜಿ ಹಾಕಿದ ಪಂಚೆಯಂಥ ಮೈ. ಫೋಟೋದಲ್ಲಿ ಸೂಪರ್. ಆದ್ರೆ ಇದು ಯಾರ ಸೀರೆ ಅಂತ ಕೇಳೋಕೆ ಅದರಲ್ಲಿ ಏನೂ ಇರ್ಲಿಲ್ಲ. ಜೊತೆಗೊಂದು ಚೀಟಿ: ಡ್ರೈಕ್ಲೀನ್ ಮಾತ್ರ. ಮೂರು ತಿಂಗಳ ಕೂಸಿಗೆ, ಸ್ವಾಮಿ!