ನಡುಗುವ ಸ್ಟೀರಿಂಗ್ ಮತ್ತು ಗೋಡೆಯ ಮೇಲಿನ ದೋಷಪಟ್ಟಿ

ವಾಹನ ದುರಸ್ತಿ ಕಲಿಸುವ ಪುಸ್ತಕಗಳ ಕೊನೆಯಲ್ಲಿ ಒಂದು ಕೋಷ್ಟಕ ಇರುವುದನ್ನು ನೀವು ನೋಡಿರಬಹುದು. ಎಡಕ್ಕೆ ‘ತೊಂದರೆ’, ನಡುವೆ ‘ಕಾರಣ’, ಬಲಕ್ಕೆ ‘ಪರಿಹಾರ’. ಕೆಲವು ಗ್ಯಾರೇಜುಗಳ ಗೋಡೆಯ ಮೇಲೂ ಇದು ದೊಡ್ಡ ಅಕ್ಷರಗಳಲ್ಲಿ ತೂಗುತ್ತಿರುತ್ತದೆ. ‘ಸ್ಟೀರಿಂಗ್ ನಡುಗುವುದು’ ಎಂಬ ಸಾಲಿನ ಮುಂದೆ ಸಾಮಾನ್ಯವಾಗಿ ಕಾಣುವ ಕಾರಣಗಳು ಇವು: ಚಕ್ರದ ಬ್ಯಾಲೆನ್ಸ್ ತಪ್ಪಿದೆ, ಅಲೈನ್‌ಮೆಂಟ್ ತಪ್ಪಿದೆ, ಟೈ ರಾಡಿನ ಕೀಲು ಸವೆದಿದೆ, ಬೇರಿಂಗ್ ಸಡಿಲವಾಗಿದೆ, ಟೈರು ಉಬ್ಬಿದೆ. ಇವು ಸುಳ್ಳಲ್ಲ. ಆದರೂ ಈ ಪಟ್ಟಿಯ ಬಗ್ಗೆ ನನಗೊಂದು ತಕರಾರಿದೆ. ಅದು ಉತ್ತರಗಳನ್ನು ಕೊಡುತ್ತದೆ, ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಬಿಟ್ಟುಬಿಡುತ್ತದೆ.

ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನ್ನ ಮಿತ್ರರೊಬ್ಬರು ತಮ್ಮ ಹಳೆಯ ಕಾರಿನ ಉಕ್ಕಿನ ಚಕ್ರಗಳನ್ನು ತೆಗೆಸಿ, ಅದೇ 14 ಅಂಗುಲದ ಅಲಾಯ್ ಚಕ್ರಗಳನ್ನು ಹಾಕಿಸಿದರು. ಊರೊಳಗೆ ಏನೂ ತೊಂದರೆ ಕಾಣಲಿಲ್ಲ. ದಾವಣಗೆರೆ ದಾಟಿ ಹಾವೇರಿಯ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ, ವೇಗ ಗಂಟೆಗೆ 75 ಕಿ.ಮೀ. ಮೀರಿದೊಡನೆ ಸ್ಟೀರಿಂಗ್ ನಡುಗತೊಡಗಿತು. 85ರಲ್ಲಿ ಕೈ ಜುಮ್ಮೆನ್ನುವಷ್ಟಾಯಿತು. 100ರ ಹತ್ತಿರ ಬಂದಾಗ ಬಹುತೇಕ ನಿಂತುಹೋಯಿತು.

ಗ್ಯಾರೇಜಿನವರು ಪಟ್ಟಿಯ ಪ್ರಕಾರವೇ ನಡೆದರು. ಮೂರು ಸಲ ಬ್ಯಾಲೆನ್ಸಿಂಗ್, ಒಮ್ಮೆ ಅಲೈನ್‌ಮೆಂಟ್. ಬ್ಯಾಲೆನ್ಸಿಂಗ್ ಯಂತ್ರ ಪ್ರತಿ ಸಲವೂ ಸೊನ್ನೆ ತೋರಿಸಿತು. “ಚಕ್ರದಲ್ಲಿ ಏನೂ ಇಲ್ಲ ಸಾರ್, ಮಿಷನ್ನೇ ಹೇಳ್ತಿದೆಯಲ್ಲ. ಇನ್ನು ಟೈ ರಾಡ್ ಬದಲಾಯಿಸೋಣ” ಎಂಬ ಸಲಹೆ ಬಂತು. ಬೇಸರದ ಸಂಗತಿಯೆಂದರೆ, ಮೀಟರಿನ ಶೂನ್ಯದೋಷವನ್ನು ಪ್ರತಿ ವರ್ಷ ಪ್ರಯೋಗಾಲಯದಲ್ಲಿ ಕಲಿಸುವ ನನ್ನ ಮಿತ್ರರೂ ಇದಕ್ಕೆ ತಲೆಯಾಡಿಸಿದರು.

ಆ ಸೊನ್ನೆ ನಿಜವಾಗಿ ಏನನ್ನು ಹೇಳುತ್ತದೆ ಎಂಬುದನ್ನು ನೋಡೋಣ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಚಕ್ರವನ್ನು ಕೂರಿಸುವುದು ಅದರ ನಡುವಿನ ದೊಡ್ಡ ತೂತಿನ ಮೂಲಕ. ಶಂಕುವಿನಾಕಾರದ ಒಂದು ಬಿಲ್ಲೆಯನ್ನು ಆ ತೂತಿಗೆ ಒತ್ತಿ ಬಿಗಿಯುತ್ತಾರೆ. ಶಂಕು ತಾನಾಗಿಯೇ ಚಕ್ರವನ್ನು ಯಂತ್ರದ ಅಕ್ಷಕ್ಕೆ ತಂದು ನಿಲ್ಲಿಸುತ್ತದೆ. ಆದ್ದರಿಂದ ಯಂತ್ರ ಹೇಳುವುದು ಇಷ್ಟೇ: ಈ ಚಕ್ರವು ತನ್ನ ನಡುತೂತಿನ ಕೇಂದ್ರದ ಸುತ್ತ ತಿರುಗಿದರೆ ಸಮತೋಲದಲ್ಲಿರುತ್ತದೆ. ಕಾರಿನ ಮೇಲೆ ಅದು ಯಾವ ಕೇಂದ್ರದ ಸುತ್ತ ತಿರುಗುತ್ತದೆ ಎಂಬುದು ಯಂತ್ರಕ್ಕೆ ತಿಳಿಯುವಂತಿಲ್ಲ.

ಕಾರಿನೊಡನೆ ಬಂದ ಚಕ್ರಗಳಲ್ಲಿ ನಡುತೂತು ಹಬ್ಬಿನ ಉಬ್ಬಿದ ಅಂಚಿನ ಮೇಲೆ ಸರಿಯಾಗಿ ಕೂರುವಂತೆ ಕೊರೆದಿರುತ್ತಾರೆ. ಆಗ ಎರಡು ಕೇಂದ್ರಗಳೂ ಒಂದೇ. ಹೊರಗೆ ಮಾರುವ ಅಲಾಯ್ ಚಕ್ರಗಳ ಕತೆ ಬೇರೆ. ಒಂದೇ ಮಾದರಿಯನ್ನು ಹಲವು ಕಾರುಗಳಿಗೆ ಮಾರಬೇಕಾದ್ದರಿಂದ ನಡುತೂತನ್ನು ದೊಡ್ಡದಾಗಿಯೇ ಕೊರೆಯುತ್ತಾರೆ. 73.1 ಮಿ.ಮೀ. ಸಾಮಾನ್ಯವಾಗಿ ಕಾಣುವ ಅಳತೆ. ಮಿತ್ರರ ಕಾರಿನ ಹಬ್ಬಿನ ವ್ಯಾಸ 56.1 ಮಿ.ಮೀ. ಅಂದರೆ ಸುತ್ತಲೂ ಎಂಟೂವರೆ ಮಿ.ಮೀ. ಖಾಲಿ ಜಾಗ! ಚಕ್ರವನ್ನು ಕೇಂದ್ರಕ್ಕೆ ತರುವ ಕೆಲಸವೆಲ್ಲ ನಾಲ್ಕು ನಟ್ಟುಗಳ ಪಾಲಿಗೆ ಬಿತ್ತು. ಜ್ಯಾಕನ್ನು ಅರ್ಧ ಇಳಿಸಿ, ಚಕ್ರದ ಮೇಲೆ ಭಾರ ಬಿದ್ದ ಮೇಲೆ ನಟ್ಟುಗಳನ್ನು ಬಿಗಿದರೆ, ಚಕ್ರ ಒಂದು ಪಕ್ಕಕ್ಕೆ ಕೂದಲೆಳೆಯಷ್ಟು ಸರಿದೇ ಕೂರಬಹುದು.

ಕೂದಲೆಳೆಯಷ್ಟು ಸರಿದರೆ ಏನಾದೀತು ಎನ್ನುವಿರಾ? ಲೆಕ್ಕ ಹಾಕೋಣ. ಟೈರಿನೊಡನೆ ಚಕ್ರದ ದ್ರವ್ಯರಾಶಿ ಸುಮಾರು 15 ಕಿ.ಗ್ರಾಂ. ಅದು 0.3 ಮಿ.ಮೀ., ಅಂದರೆ ಮೂರು ಹಾಳೆ ಕಾಗದದ ದಪ್ಪದಷ್ಟು ಸರಿದಿದೆ ಎನ್ನಿ. ದ್ರವ್ಯರಾಶಿಯನ್ನು ಸರಿದ ದೂರದಿಂದ ಗುಣಿಸಿದರೆ 4.5 ಗ್ರಾಂ-ಮೀಟರ್. 14 ಅಂಗುಲದ ರಿಮ್ಮಿನ ತ್ರಿಜ್ಯ 0.178 ಮೀಟರ್. ಆದ್ದರಿಂದ ಇದು ರಿಮ್ಮಿನ ಅಂಚಿಗೆ 25 ಗ್ರಾಂ ತೂಕದ ತುಣುಕೊಂದನ್ನು ತಪ್ಪು ಜಾಗದಲ್ಲಿ ಅಂಟಿಸಿದ್ದಕ್ಕೆ ಸಮ. ಬ್ಯಾಲೆನ್ಸಿಂಗಿನವರು ಐದೈದು ಗ್ರಾಂ ಲೆಕ್ಕದಲ್ಲಿ ತೂಕ ಅಂಟಿಸುತ್ತಾರೆ ಎಂಬುದನ್ನು ನೆನೆಯಿರಿ. 175/65 ಅಳತೆಯ ಟೈರಿನ ಸುತ್ತಳತೆ ಸುಮಾರು 1.83 ಮೀಟರ್. ಗಂಟೆಗೆ 85 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಹೆಚ್ಚುಕಡಿಮೆ 13 ಸುತ್ತು ತಿರುಗುತ್ತದೆ. ದ್ರವ್ಯರಾಶಿ, ಸರಿದ ದೂರ, ಕೋನೀಯ ವೇಗದ ವರ್ಗ ಇವುಗಳ ಗುಣಲಬ್ಧ ಸುಮಾರು 30 ನ್ಯೂಟನ್. ಇಷ್ಟು ಬಲ ಸೆಕೆಂಡಿಗೆ 13 ಸಲ ಹಬ್ಬನ್ನು ಸುತ್ತ ಎಳೆದಾಡುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೇಂದ್ರ ತಪ್ಪಿದ ಚಕ್ರದಲ್ಲಿ ಟೈರಿನ ಹೊರಮೈಯೂ ಮೊಟ್ಟೆಯಂತೆ ಏರಿಳಿಯುತ್ತದೆ. ಕಾರಿನ ಟೈರನ್ನು ಒಂದು ಮಿ.ಮೀ. ಅದುಮಲು ಸುಮಾರು 200 ನ್ಯೂಟನ್ ಬೇಕು. 0.3 ಮಿ.ಮೀ. ಏರಿಳಿತಕ್ಕೆ 60 ನ್ಯೂಟನ್. ಇದು ರಸ್ತೆ ಟೈರನ್ನು ತಳ್ಳುವುದರಿಂದ ಬರುವ ಬಲ; ವೇಗದ ವರ್ಗವನ್ನು ಅವಲಂಬಿಸಿಲ್ಲ. ಆದ್ದರಿಂದ ಯಾವ ತೂಕ ಅಂಟಿಸಿದರೂ ಎಲ್ಲ ವೇಗಗಳಲ್ಲೂ ಇದನ್ನು ಅಳಿಸಲಾಗದು. ಮೂರನೆಯ ಸಲ ಬ್ಯಾಲೆನ್ಸಿಂಗಿಗೆ ಹಣ ಕೊಡುವ ಮುನ್ನ ನನ್ನ ಮಿತ್ರರಿಗೆ ಯಾರಾದರೂ ಇದನ್ನು ಹೇಳಬೇಕಿತ್ತು.

ಹಾಗಾದರೆ 100ರ ಹತ್ತಿರ ನಡುಕ ನಿಂತದ್ದೇಕೆ? ವೇಗ ಹೆಚ್ಚಿದಂತೆ ಬಲ ಹೆಚ್ಚಬೇಕಲ್ಲವೆ? ಇಲ್ಲಿ ನಮ್ಮ ಭೌತಶಾಸ್ತ್ರದ ಪಠ್ಯಗಳ ಬಗೆಗೂ ಒಂದು ಮಾತು ಹೇಳಬೇಕು. ವೃತ್ತೀಯ ಚಲನೆಗೆ ದಾರಕ್ಕೆ ಕಟ್ಟಿದ ಕಲ್ಲು, ಅನುರಣನೆಗೆ ಸೇತುವೆಯ ಮೇಲೆ ಹೆಜ್ಜೆ ತಪ್ಪಿಸಿ ನಡೆಯುವ ಸೈನಿಕರು. ಬಹಳ ಕಾಲದಿಂದ ಇವೇ ಉದಾಹರಣೆಗಳು ಸಾಗಿಬಂದಿವೆ. ಎರಡು ಪಾಠಗಳೂ ಒಟ್ಟಿಗೆ ಕೂಡುವ ಕಾರಿನ ಮುಂಚಕ್ರ ಶಾಲೆಯ ಅಂಗಳದಲ್ಲೇ ನಿಂತಿದ್ದರೂ ಪುಸ್ತಕಕ್ಕೆ ಬಂದಿಲ್ಲ. ಚಕ್ರ, ಹಬ್ಬು, ಬ್ರೇಕು ಎಲ್ಲ ಸೇರಿ ಒಂದು ಮೂಲೆಯಲ್ಲಿ ಸುಮಾರು 35 ಕಿ.ಗ್ರಾಂ. ಇದು ಟೈರೆಂಬ ಗಟ್ಟಿ ಸ್ಪ್ರಿಂಗಿನ ಮೇಲೆ ಕುಳಿತಿದೆ. ಸ್ಪ್ರಿಂಗಿನ ಗಡಸುತನ ಮೀಟರಿಗೆ 2,00,000 ನ್ಯೂಟನ್ ಎಂದು ಹಿಡಿದು ನಿಮ್ಮ ವಿದ್ಯಾರ್ಥಿಗಳಿಂದ ಸಹಜ ಆವೃತ್ತಿಯ ಲೆಕ್ಕ ಮಾಡಿಸಿ. ಸೆಕೆಂಡಿಗೆ 12 ಕಂಪನ ಬರುತ್ತದೆ. ಸೆಕೆಂಡಿಗೆ 12 ಸುತ್ತು ಎಂದರೆ ಗಂಟೆಗೆ ಸುಮಾರು 80 ಕಿ.ಮೀ. ನಡುಕ ಕಾಣಿಸಿದ್ದು ಇದರ ಆಸುಪಾಸಿನಲ್ಲೇ ತಾನೆ? ಆ ಪಟ್ಟಿಯನ್ನು ದಾಟಿದ ಮೇಲೆ ಬಲ ಉಳಿದರೂ ಅನುರಣನೆ ಉಳಿಯುವುದಿಲ್ಲ.

ಈಗ ದೋಷಪಟ್ಟಿಗೆ ಮರಳೋಣ. ನಡುಕ ಯಾವ ವೇಗದಲ್ಲಿ ಎಂದು ಅದು ಕೇಳುವುದಿಲ್ಲ. ಹತ್ತಿಪ್ಪತ್ತು ಕಿ.ಮೀ. ವೇಗದಲ್ಲೇ ಸ್ಟೀರಿಂಗ್ ಆಚೀಚೆ ಓಲಾಡಿದರೆ ಬಗ್ಗಿದ ರಿಮ್ಮನ್ನೋ ಉಬ್ಬಿದ ಟೈರನ್ನೋ ಸಂಶಯಿಸಬೇಕು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡಿಸ್ಕನ್ನು ನೋಡಬೇಕು. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದಂಚಿನಲ್ಲಿ ಸವೆಯುತ್ತದೆ. ನಿರ್ದಿಷ್ಟ ವೇಗದಲ್ಲಿ ಬಂದುಹೋಗುವ ನಡುಕಕ್ಕೆ ಅದು ಸಾಮಾನ್ಯವಾಗಿ ಕಾರಣವಲ್ಲ. ಸವೆದ ಕೀಲು ನಡುಕವನ್ನು ದೊಡ್ಡದು ಮಾಡಬಹುದು. ಆದರೆ ಚಕ್ರ ಬದಲಾಯಿಸಿದ ದಿನವೇ ಕೀಲು ಸವೆಯಿತು ಎಂದು ನಂಬಬೇಕಾದರೆ ಬಲವಾದ ಸಾಕ್ಷ್ಯ ಬೇಕು. ‘ನಡುಕ ಶುರುವಾಗುವ ಮುನ್ನ ಏನನ್ನು ಬದಲಾಯಿಸಿದಿರಿ?’ ಪಟ್ಟಿಯಲ್ಲಿ ಇಲ್ಲದ ಮುಖ್ಯ ಪ್ರಶ್ನೆ ಇದೇ.

ಉತ್ತರ ಪರೀಕ್ಷಿಸಲು ಯಂತ್ರವೇನೂ ಬೇಡ. ಹಳೆಯ ಉಕ್ಕಿನ ಚಕ್ರಗಳನ್ನು ಮತ್ತೆ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿ. ನಡುಕ ಹೋದರೆ ಟೈ ರಾಡು ನಿರ್ದೋಷಿ. ಮಿತ್ರರು ಇದನ್ನು ಮಾಡಿದರು, ನಡುಕ ಹೋಯಿತು. ಅಲಾಯ್ ಚಕ್ರಗಳನ್ನು ಮತ್ತೆ ಹಾಕಿದಾಗ ತಿರುಗಿ ಬಂತು. ಆಮೇಲೆ ಚಕ್ರವನ್ನು ಬಿಚ್ಚಿ, ಹಬ್ಬಿನ ಮೇಲೆ ಒಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿದರು. ನಡುಕದ ಪ್ರಮಾಣ ಬದಲಾಯಿತು. ಚಕ್ರದೊಳಗಿನ ದೋಷವೊಂದೇ ಆಗಿದ್ದರೆ ಹೀಗೆ ಬದಲಾಗಲು ಕಾರಣವಿರಲಿಲ್ಲ. ಅದು ಕೂರುವ ರೀತಿಯಲ್ಲೇ ಏನೋ ಇದೆ ಎಂಬುದು ಆಗ ಖಚಿತವಾಯಿತು.

ಪರಿಹಾರ ಒಂದು ಬಳೆ. ಹೊರವ್ಯಾಸ 73.1, ಒಳವ್ಯಾಸ 56.1 ಮಿ.ಮೀ. ಇರುವ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಉಂಗುರವನ್ನು ಹಬ್ಬಿಗೂ ಚಕ್ರಕ್ಕೂ ನಡುವೆ ಕೂರಿಸುವುದು. ಪ್ಲಾಸ್ಟಿಕ್ ಬಳೆ ಕಾರಿನ ಭಾರ ತಾಳೀತೆ ಎಂದು ಹಲವರು ಹೆದರುತ್ತಾರೆ. ಭಾರ ಹೊರುವುದು ಬಳೆಯಲ್ಲ. ನಟ್ಟುಗಳು ಚಕ್ರವನ್ನು ಹಬ್ಬಿನ ಮುಖಕ್ಕೆ ಒತ್ತಿದಾಗ ಅಲ್ಲಿ ಹುಟ್ಟುವ ಘರ್ಷಣೆ. ಸರಿಯಾಗಿ ಬಿಗಿದ ಒಂದೊಂದು ನಟ್ಟೂ ಸುಮಾರು 40,000 ನ್ಯೂಟನ್ ಬಲದಿಂದ ಒತ್ತುತ್ತದೆ. ಚಕ್ರದ ಮೇಲಿನ ಭಾರ ಮೂರು ಸಾವಿರ ನ್ಯೂಟನ್ನಿನ ಆಸುಪಾಸು. ಬಿಗಿಯುವ ತನಕ ಚಕ್ರವನ್ನು ನಡುವೆ ಹಿಡಿದಿಟ್ಟರೆ ಬಳೆಯ ಕೆಲಸ ಮುಗಿಯಿತು. ಬಳೆಯಿಲ್ಲದೆಯೂ ಎಷ್ಟೋ ಕಾರುಗಳು ನಡುಗದೆ ಓಡುತ್ತವೆ ಎಂಬುದು ನಿಜ. ಅಲ್ಲಿ ನಟ್ಟು ಕೂರುವ ಗುಳಿಗಳು ನಿಖರವಾಗಿರುತ್ತವೆ, ಬಿಗಿದವರ ಕೈಯೂ ಪಳಗಿರುತ್ತದೆ.

ನಟ್ಟಿನ ಆಕಾರವನ್ನು ಮಾತ್ರ ಹಗುರವಾಗಿ ಕಾಣುವಂತಿಲ್ಲ. ಹೋಂಡಾ ಕಾರುಗಳ ಮೂಲ ಚಕ್ರಗಳಿಗೆ ಗೋಳಾಕಾರದ ತಳದ ನಟ್ಟು. ಹೊರಗೆ ಸಿಗುವ ಹೆಚ್ಚಿನ ಅಲಾಯ್ ಚಕ್ರಗಳ ಗುಳಿ ಶಂಕುವಿನಾಕಾರದ್ದು. ಹಳೆಯ ನಟ್ಟನ್ನೇ ಹೊಸ ಗುಳಿಗೆ ಬಿಗಿದರೆ ಅದು ಮೈಯೊತ್ತಿ ಕೂರದೆ ಒಂದು ತೆಳು ಗೆರೆಯ ಮೇಲೆ ನಿಲ್ಲುತ್ತದೆ. ಇಂಥ ನಟ್ಟು ಓಡುತ್ತ ಓಡುತ್ತ ಸಡಿಲವಾಗಬಹುದು. ಆಗ ಅಪಾಯ ನಡುಕದಲ್ಲಿಗೆ ನಿಲ್ಲದೆ ಚಕ್ರವೇ ಕಳಚುವವರೆಗೂ ಹೋದೀತು.

ಮಿತ್ರರು ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಸಿದರು. ಬಳೆ ಹಾಕಿ, ಚಕ್ರ ನೆಲದಿಂದ ಮೇಲಿರುವಾಗಲೇ ಶಂಕುತಳದ ಹೊಸ ನಟ್ಟುಗಳನ್ನು ಕೈಯಿಂದ ತಿರುಗಿಸಿ, ಆಮೇಲೆ ಎದುರುಬದುರು ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಸಿದರು. ಕೊನೆಯ ಬಿಗಿತ ಕಾರಿನ ಕೈಪಿಡಿ ಹೇಳಿದಷ್ಟು. ಸ್ಟೀರಿಂಗಿನ ನಡುಕ ಹೋಯಿತು. ಸೀಟಿನಲ್ಲಿ ಮಾತ್ರ ಸಣ್ಣ ಅದಿರಾಟ ಉಳಿಯಿತು. ಹಿಂದಿನ ಚಕ್ರಗಳನ್ನು ಮುಂದಕ್ಕೆ ಹಾಕಿದಾಗ ಅದು ಸೀಟಿನಿಂದ ಸ್ಟೀರಿಂಗಿಗೆ ಬಂತು. ಹಿಂದಿನ ಎಡಚಕ್ರದ ರಿಮ್ಮು ಒಳಅಂಚಿನಲ್ಲಿ ಬಗ್ಗಿತ್ತು. ಅದನ್ನು ಬದಲಾಯಿಸಿ, 100 ಕಿ.ಮೀ. ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿದು ನೋಡಿದ್ದಾರೆ. ಗೋಡೆಯ ಮೇಲಿನ ಪಟ್ಟಿ ಹಾಗೆಯೇ ಇದೆ.