ಛಾಯಾಗ್ರಾಹಕನ ನಿಲುವು: ಕೋಲಸಿರ್ಸಿಯ ಅಂಗಳದಿಂದ ಒಂದು ಪರಿಶೀಲನೆ

ಸಾರ್ವಜನಿಕ ಸ್ಥಳಗಳಲ್ಲಿ ಜನರ ಚಿತ್ರ ತೆಗೆಯುವವನಿಗೆ ಅವನ ಮೈಯೆತ್ತರವು ಸಹಾಯಕವೋ ಬಾಧಕವೋ ಎಂಬ ಪ್ರಶ್ನೆ ಛಾಯಾಗ್ರಾಹಕರ ನಡುವೆ ಆಗಾಗ ಏಳುವುದುಂಟು. ಎತ್ತರದವನು ಗುಂಪಿನಲ್ಲಿ ಬೇಗ ಕಣ್ಣಿಗೆ ಬೀಳುತ್ತಾನೆ, ಅವನನ್ನು ಕಂಡು ಎದುರಿನವರು ಹಿಂಜರಿಯುತ್ತಾರೆ, ಅವನ ಚಿತ್ರದಲ್ಲಿ ಜನರೆಲ್ಲ ಕುಗ್ಗಿ ಕಾಣುತ್ತಾರೆ ಎಂಬುದು ಒಂದು ಪಕ್ಷ. ಗಿಡ್ಡನಿಗೆ ಮುಂದಿನವರ ಬೆನ್ನಲ್ಲದೆ ಬೇರೇನೂ ಕಾಣದು ಎಂಬುದು ಇನ್ನೊಂದು ಪಕ್ಷ. 5 ಅಡಿ 2 ಅಂಗುಲದ ನಾವು ಎರಡನೆಯ ಪಕ್ಷದವರ ದುಃಖವನ್ನು ಚೆನ್ನಾಗಿ ಬಲ್ಲೆವು. ಆದರೂ ಈ ವಾದವು ತಪ್ಪಾದ ನೆಲೆಯ ಮೇಲೆ ನಿಂತಿದೆಯೆಂದು ನಮ್ಮ ಅಭಿಪ್ರಾಯ. ಚಿತ್ರದಲ್ಲಿ ದಾಖಲಾಗುವ ಎತ್ತರವು ಛಾಯಾಗ್ರಾಹಕನ ಮೈಯದಕ್ಕಿಂತ ಹೆಚ್ಚಾಗಿ ಅವನು ನಿಂತ ನೆಲೆಯದು. ಆ ನೆಲೆಯನ್ನು ಅವನಿಗೆ ಕೊಟ್ಟ ಸಮಾಜದ್ದು. ಇದನ್ನು ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಕೆಲವು ನಿದರ್ಶನಗಳಿಂದ ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

ಹಳೆಯ ಛಾಯಾಚಿತ್ರವೊಂದನ್ನು ತರಗತಿಯಲ್ಲಿ ತೋರಿಸುವಾಗ ಇದು ಯಾರದು, ಎಲ್ಲಿಯದು, ಯಾವ ವರ್ಷದ್ದು ಎಂದು ಕೇಳಿ ಅಷ್ಟಕ್ಕೇ ತೃಪ್ತರಾಗುತ್ತೇವೆ. ಶಾಸನವನ್ನು ಓದುವಾಗ ಕಲ್ಲು ಎಲ್ಲಿ ನಿಂತಿತ್ತು, ಯಾರ ಆಜ್ಞೆಯಿಂದ ಕಡೆಯಲ್ಪಟ್ಟಿತು ಎಂದು ವಿಚಾರಿಸುವ ನಾವೇ, ಚಿತ್ರ ತೆಗೆದ ಕಣ್ಣು ನೆಲದಿಂದ ಎಷ್ಟು ಮೇಲಿತ್ತೆಂದು ವಿಚಾರಿಸುವುದಿಲ್ಲ. ಅದನ್ನು ತಿಳಿಯುವುದಾದರೂ ಕಷ್ಟವಲ್ಲ. ಸಮನೆಲದ ಮೇಲೆ ಹತ್ತಿರವೂ ದೂರವೂ ನಿಂತಿರುವ ವಯಸ್ಕರ ತಲೆಗಳನ್ನು ಗಮನಿಸಬೇಕು. ಅವು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬಂದಿದ್ದರೆ ಕ್ಯಾಮರಾ ಆ ತಲೆಗಳ ಮಟ್ಟದಲ್ಲಿತ್ತು. ದೂರದ ತಲೆಗಳು ಹತ್ತಿರದ ತಲೆಗಳಿಗಿಂತ ಮೇಲೇರುತ್ತ ಹೋದರೆ ಕ್ಯಾಮರಾ ಜನರಿಗಿಂತ ಎತ್ತರದಲ್ಲಿತ್ತು. ಕೆಳಗಿಳಿಯುತ್ತ ಹೋದರೆ ತಗ್ಗಿನಲ್ಲಿತ್ತು. ಮರಗಳ ಮರೆಯಲ್ಲಿ ಕ್ಷಿತಿಜವೇ ಕಾಣಿಸದ ನಮ್ಮ ಮಲೆನಾಡಿನಲ್ಲಿ ಈ ತಲೆಗಳ ಗೆರೆಯೇ ಕ್ಷಿತಿಜದ ಕೆಲಸವನ್ನು ಮಾಡುತ್ತದೆ. ವಿದ್ಯಾರ್ಥಿಗಳು ತಮ್ಮ ಮನೆಯ ಮದುವೆಯ ಚಿತ್ರಗಳ ಮೇಲೆಯೇ ಇದನ್ನು ಪ್ರಯೋಗಿಸಿ ನೋಡಬಹುದು.

ಈಗ ಸ್ವಲ್ಪ ಲೆಕ್ಕ. ನೆಲದಲ್ಲಿ ಕುಳಿತವರ ಮುಖ ಸುಮಾರು 2½ ಅಡಿ ಎತ್ತರದಲ್ಲಿರುತ್ತದೆ. ಅವರಿಂದ 5 ಅಡಿ ದೂರದಲ್ಲಿ ನಿಂತ 6 ಅಡಿಯ ಛಾಯಾಗ್ರಾಹಕನ ಕಣ್ಣು ಸುಮಾರು 32 ಅಂಶ ಕೆಳಗೆ ಬಾಗಿ ಅವರನ್ನು ನೋಡುತ್ತದೆ. ಅದೇ ಜಾಗದಲ್ಲಿ ನಾವು ನಿಂತರೆ 25 ಅಂಶ. ಎಂದರೆ, ಇಷ್ಟೊಂದು ಚರ್ಚೆಗೆ ಕಾರಣವಾದ ಹತ್ತು ಅಂಗುಲಗಳಿಂದ ಉಂಟಾಗುವ ವ್ಯತ್ಯಾಸ ಕೇವಲ 7 ಅಂಶ! ಹತ್ತು ಹೆಜ್ಜೆ ಹಿಂದೆ ಸರಿದರೆ ಅದೂ ಬಹುಮಟ್ಟಿಗೆ ಕರಗಿಹೋಗುತ್ತದೆ. ಆದರೆ ಗಿಡ್ಡರಾದ ನಾವೇ 3 ಅಡಿಯ ಜಗುಲಿಯೊಂದರ ಮೇಲೆ ನಿಂತು ಅಷ್ಟೇ ದೂರದಿಂದ ನೋಡಿದರೆ ಬಾಗು 47 ಅಂಶವಾಗುತ್ತದೆ. ಹುಟ್ಟಿನಿಂದ ಬಂದ ಎತ್ತರಕ್ಕಿಂತ ಕಟ್ಟಿಸಿಕೊಂಡ ಎತ್ತರದ ಪ್ರಭಾವ ಎಷ್ಟು ಪಾಲು ಹೆಚ್ಚೆಂಬುದು ಇದರಿಂದ ಸ್ಪಷ್ಟ.

ಜಗುಲಿಯ ಮಾತು ಇಲ್ಲಿ ಕೇವಲ ಉದಾಹರಣೆಗಾಗಿ ಬಂದುದಲ್ಲ. ಸಿದ್ದಾಪುರ ತಾಲ್ಲೂಕಿನ ಕೋಲಸಿರ್ಸಿಯಲ್ಲಿ ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರ ಮನೆಗೆ ಅಡಿಕೆ ಕೊಯ್ಲಿನ ಕಾಲದಲ್ಲಿ ಹೋಗಿದ್ದೆವು. ಸಂಜೆಯ ಹೊತ್ತು, ಅಂಗಳದಲ್ಲಿ ಹತ್ತು ಹನ್ನೆರಡು ಮಂದಿ ಹೆಂಗಸರು ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ಅತಿಥಿಗಳಾದುದರಿಂದ ನಮಗೆ ಜಗುಲಿಯಲ್ಲಿ ಆಸನ ಸಿಕ್ಕಿತ್ತು. ಅಲ್ಲಿಂದಲೇ ಎದ್ದುನಿಂತು ನಾಲ್ಕಾರು ಚಿತ್ರಗಳನ್ನು ತೆಗೆದೆವು. ಚೆನ್ನಾಗಿ ಬಂದುವೆಂದು ಸಂತೋಷವನ್ನೂ ಪಟ್ಟೆವು. ಮುದ್ರಿಸಿದ ಪ್ರತಿಗಳನ್ನು ಮುಂದೆ ಕೊಡಲು ಹೋದಾಗ, ಅವರಲ್ಲಿ ಹಿರಿಯಳೊಬ್ಬಳು ಬಹಳ ಹೊತ್ತು ನೋಡಿ, ಇದರಲ್ಲಿ ತನ್ನ ಬೈತಲೆ ಮಾತ್ರ ಬಂದಿದೆಯಲ್ಲ, ಮುಖವೆಲ್ಲಿ ಎಂದು ಕೇಳಿದಳು. ನಾವು ಮತ್ತೊಮ್ಮೆ ನೋಡಿದೆವು. ಬೈತಲೆಗಳು, ಹೆಗಲುಗಳು, ಬಹು ವೇಗವಾಗಿ ಚಲಿಸಿದ್ದರಿಂದ ಮಸುಕಾದ ಕೈಗಳು, ನಡುವೆ ಅಡಿಕೆಯ ರಾಶಿ. ರಾಶಿ ಮಾತ್ರ ಅತ್ಯಂತ ಸ್ಪಷ್ಟವಾಗಿ ಮೂಡಿತ್ತು. ಜಗುಲಿಯ ಮೇಲೆ ಕುಳಿತ ಯಜಮಾನನು ದಿನವೂ ಲೆಕ್ಕ ಹಾಕುವ ದೃಶ್ಯವೂ ಅದೇ.

ಮಲೆನಾಡಿನ ಮನೆಯಲ್ಲಿ ಜಗುಲಿಯವರೆಗೆ ಯಾರು ಬರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದಕ್ಕೆ ಇದ್ದ ಕಟ್ಟಳೆಗಳು ಈ ಪತ್ರಿಕೆಯ ಓದುಗರಿಗೆ ತಿಳಿಯದವಲ್ಲ. ಅವು ಸಡಿಲವಾದ ಮೇಲೂ ಕ್ಯಾಮರಾ ಹಿಡಿದು ಬಂದವನನ್ನು ನಾವು ಮೊದಲು ಜಗುಲಿಗೇ ಕರೆಯುತ್ತೇವೆ. ಆದುದರಿಂದ ನಮ್ಮ ಗ್ರಾಮಜೀವನದ ಚಿತ್ರಸಂಪುಟಗಳಲ್ಲಿ ದುಡಿಮೆಯ ಚಿತ್ರಗಳಿಗೆ ಒಂದು ನಿರ್ದಿಷ್ಟ ಬಾಗು ಬಂದುಬಿಟ್ಟಿದೆ. ಯಜಮಾನರ ಚಿತ್ರಗಳು ಕಣ್ಣಿನ ಮಟ್ಟದಲ್ಲಿವೆ, ಆಳುಗಳವು ಅದಕ್ಕಿಂತ ಮೇಲಿನಿಂದ. ಯಾರೂ ದುರುದ್ದೇಶದಿಂದ ಹೀಗೆ ಮಾಡಿಲ್ಲ, ನಾವೂ ಮಾಡಿರಲಿಲ್ಲ.

ಯಂತ್ರದ ಇತಿಹಾಸವೂ ಈ ಪ್ರಶ್ನೆಗೆ ಸಂಬಂಧಿಸಿದೆ. 1900ರಲ್ಲಿ ಕೊಡಕ್ ಸಂಸ್ಥೆಯು ಒಂದು ಡಾಲರಿಗೆ ಮಾರಿದ ಬ್ರೌನಿ ಪೆಟ್ಟಿಗೆಯನ್ನು ಸೊಂಟದ ಮಟ್ಟದಲ್ಲಿ ಹಿಡಿಯಬೇಕಿತ್ತು. 1929ರಲ್ಲಿ ಬಂದ ರೋಲಿಫ್ಲೆಕ್ಸನ್ನು ಎದೆಯ ಕೆಳಗೆ ಹಿಡಿದು, ತಲೆಬಾಗಿ, ಮೇಲಿನ ಗಾಜಿನಲ್ಲಿ ಎಡಬಲ ತಿರುಗಿದ ಬಿಂಬವನ್ನು ನೋಡುತ್ತಿದ್ದರು. ಇಂಥ ಕ್ಯಾಮರಾದಲ್ಲಿ ಮಸೂರದ ಎತ್ತರ ನಾಲ್ಕು ಅಡಿಯ ಆಸುಪಾಸಿಗೆ ಇಳಿಯುತ್ತದೆ. ಎತ್ತರದವನ ಎತ್ತರವನ್ನು ಯಂತ್ರವೇ ಕತ್ತರಿಸುತ್ತದೆ. ಛಾಯಾಗ್ರಾಹಕನು ಎದುರಿನವರನ್ನು ದಿಟ್ಟಿಸದೆ ತಲೆತಗ್ಗಿಸಿ ನಿಂತಿರುವುದರಿಂದ ಅವರ ಸಂಕೋಚವೂ ಕಡಿಮೆಯಾಗುತ್ತಿತ್ತು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಇದಕ್ಕೆ ವಿರುದ್ಧ: ಅದು ಕಣ್ಣಿಗೇ ಒತ್ತಿ ಹಿಡಿಯುವಂಥದು, ಮೈಯೆತ್ತರವನ್ನು ಇದ್ದಂತೆಯೇ ಚಿತ್ರಕ್ಕೆ ತರುವಂಥದು. ರಷ್ಯದ ಅಲೆಕ್ಸಾಂಡರ್ ರೋದ್ಚೆಂಕೊ 1928ರಲ್ಲಿ ಹೊಕ್ಕುಳಿನ ಮಟ್ಟದಿಂದ ತೆಗೆದ ಚಿತ್ರಗಳನ್ನು ಹಳಸಿದ ರೂಢಿಯೆಂದು ಜರೆದು, ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ನೋಡಬೇಕೆಂದು ವಾದಿಸಿದನು. ಬಹುಮಹಡಿಯ ಕಟ್ಟಡಗಳು ಏಳುತ್ತಿದ್ದ ಮಾಸ್ಕೋಗೆ ಆ ವಾದ ಒಪ್ಪುವಂತಿತ್ತು. ಆದರೆ ಹೊಸತನಕ್ಕಾಗಿ ಅವನು ಬೇಡಿದ ಮೇಲಿನ ನೋಟ ನಮ್ಮಲ್ಲಿ ಅತ್ಯಂತ ಹಳೆಯ ನೋಟವೆಂಬುದನ್ನು ಅವನ ಮಾತನ್ನು ಉದ್ಧರಿಸುವವರು ಮರೆಯಬಾರದು.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಹೆಸರನ್ನು ಇಲ್ಲಿ ಹೇಳದಿರಲಾಗದು. ಸಾಮಾನ್ಯ ಜನರನ್ನೂ ಮಕ್ಕಳನ್ನೂ ಜೀವಮಾನವಿಡೀ ಚಿತ್ರಿಸಿದ ಅವರ ಮಕ್ಕಳ ಚಿತ್ರಗಳು 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರಕಚೇರಿಯಲ್ಲಿ ಪ್ರದರ್ಶಿತವಾದುವು. ಮಗುವಿನ ಚಿತ್ರ ತೆಗೆಯುವಾಗ ಎಲ್ಲ ವಯಸ್ಕರೂ ದೈತ್ಯರೇ. ಅಲ್ಲಿ 5 ಅಡಿ, 6 ಅಡಿಗಳ ಭೇದಕ್ಕೆ ಅರ್ಥವಿಲ್ಲ. ಮೊಣಕಾಲೂರುವವನು, ಊರದವನು ಎಂಬ ಭೇದ ಮಾತ್ರ ಉಳಿಯುತ್ತದೆ.

ಅಂಗಳದಿಂದ ಪೇಟೆಗೆ ಬರೋಣ. ಸಿರ್ಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಗಳಿಗೊಮ್ಮೆ ನಡೆಯುತ್ತದೆ. ಸುಮಾರು 7 ಅಡಿ ಎತ್ತರದ ದಾರುಮೂರ್ತಿಯು ರಥವೇರಿ ಬಿಡಕಿ ಬೈಲಿನ ಗದ್ದುಗೆಗೆ ಬರುವಾಗ ಬೀದಿಯಲ್ಲಿರುವ ಪ್ರತಿಯೊಬ್ಬನೂ, ಅವನ ಎತ್ತರ ಎಷ್ಟೇ ಇರಲಿ, ತಲೆಯೆತ್ತಿಯೇ ನೋಡುತ್ತಾನೆ. ಆದರೆ ಜಾತ್ರೆಯ ಪ್ರಸಿದ್ಧ ಚಿತ್ರಗಳು ಯಾವುವು? ಬಹುಪಾಲು ಮಹಡಿಗಳ ಮೇಲಿನಿಂದ ತೆಗೆದವು: ನಡುವೆ ರಥ, ಸುತ್ತ ಎಳ್ಳು ಚೆಲ್ಲಿದಂತೆ ತಲೆಗಳು. ಜನಸಂದಣಿಯ ಗಾತ್ರವನ್ನು ತಿಳಿಯಲು ಇವು ಉಪಯುಕ್ತವೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಇವುಗಳಲ್ಲಿ ಒಬ್ಬ ಭಕ್ತನ ಮುಖವೂ ಇಲ್ಲ, ಜಾತ್ರೆಗೆ ಬಂದವರು ಕಂಡ ಜಾತ್ರೆಯೂ ಇಲ್ಲ. ಕೆಳಗಿನ ಬೀದಿಯಲ್ಲಿ ನಿಂತು ತಿರುಗಿ ಜನರತ್ತ ಕ್ಯಾಮರಾ ಹಿಡಿದರೆ ಮೇಲೆತ್ತಿದ ಮುಖಗಳ ಸಾಲು ಸಿಗುತ್ತದೆ. ದೇವಿಯ ಎತ್ತರ ಆ ಮುಖಗಳಲ್ಲಿ ತಿಳಿಯುವಷ್ಟು ರಥದ ಚಿತ್ರದಲ್ಲಿ ತಿಳಿಯದು. ಗಿಡ್ಡ ಛಾಯಾಗ್ರಾಹಕನಿಗೆ ಇಲ್ಲಿ ಅನುಕೂಲವೇ ಹೆಚ್ಚೆಂದು ತುಸು ಸ್ವಪಕ್ಷಪಾತದಿಂದಲೇ ಹೇಳುತ್ತೇವೆ.

ಇದರಿಂದ ಕೆಳಗಿನ ನೋಟವೇ ಸತ್ಯ, ಮೇಲಿನ ನೋಟ ಸುಳ್ಳು ಎಂಬ ತೀರ್ಮಾನಕ್ಕೆ ಬರುವುದು ಆತುರವಾದೀತು. ಜಾತ್ರೆಯಿಲ್ಲದ ವರ್ಷಗಳಲ್ಲಿ ಹೋಳಿಯ ಸಮಯದ ರಾತ್ರಿಗಳಲ್ಲಿ ಸಿರ್ಸಿಯ ಬೀದಿಗಳಲ್ಲಿ ನಡೆಯುವ ಬೇಡರ ವೇಷವನ್ನು ನೋಡಿರಿ. ಬೆನ್ನಿಗೆ ನವಿಲುಗರಿಗಳನ್ನು ಕಟ್ಟಿ, ಕತ್ತಿ ಗುರಾಣಿ ಹಿಡಿದ ವೇಷಧಾರಿ ತಮಟೆಯ ಬಡಿತಕ್ಕೆ ಜನರ ಮೇಲೆ ಎರಗುವಂತೆ ಕುಣಿಯುತ್ತಾನೆ. ಅವನ ಸೊಂಟಕ್ಕೆ ಕಟ್ಟಿದ ಹಗ್ಗಗಳನ್ನು ಹಿಂದಿನಿಂದ ಇಬ್ಬರು ಎಳೆದು ಹಿಡಿದಿರುತ್ತಾರೆ. ಎದುರಿಗೆ ಕುಕ್ಕುರುಗಾಲಲ್ಲಿ ಕುಳಿತು ತೆಗೆದ ಚಿತ್ರದಲ್ಲಿ ಅವನು ಆಕಾಶಕ್ಕೆ ಬೆಳೆಯುತ್ತಾನೆ. ಗರಿಗಳ ಬೀಸು ಹಿಂದಿನವರನ್ನು ಮರೆಮಾಡುತ್ತದೆ. ಕಟ್ಟಿಲ್ಲದ ರೌದ್ರವೊಂದೇ ಉಳಿಯುತ್ತದೆ. ಸ್ಪರ್ಧೆಗಳಿಗೆ ಕಳುಹಿಸುವವರಿಗೆ ಇದೇ ಇಷ್ಟ. ಪಕ್ಕದ ಮೆಟ್ಟಿಲೊಂದನ್ನು ಏರಿ ನೋಡಿದರೆ ಹಗ್ಗ ಕಾಣುತ್ತದೆ, ಹಿಡಿದವರ ಬಿಗಿದ ತೋಳುಗಳು ಕಾಣುತ್ತವೆ. ಬಿಟ್ಟ ಬಲ ಮತ್ತು ಹಿಡಿದ ಬಲ ಇವೆರಡರ ನಡುವಿನ ಎಳೆತವೇ ಈ ಕಲೆಯ ಜೀವವಾದುದರಿಂದ, ಇಲ್ಲಿ ನಾಲ್ಕು ಮೆಟ್ಟಿಲು ಮೇಲಿನ ಚಿತ್ರವೇ ಹೆಚ್ಚು ಪ್ರಾಮಾಣಿಕ.

ಅಂತೆಯೇ ಸಮಮಟ್ಟದ ಚಿತ್ರವೆಲ್ಲ ಸಮಾನತೆಯ ಚಿತ್ರವಲ್ಲ. 1869ರಲ್ಲಿ ಲಂಡನ್ನಿನ ಜೆ. ಎಚ್. ಲ್ಯಾಂಪ್ರಿ ಎಂಬವನು ರೇಷ್ಮೆದಾರದಿಂದ ಎರಡೆರಡು ಅಂಗುಲದ ಚೌಕಗಳನ್ನು ಮಾಡಿದ ತೆರೆಯ ಮುಂದೆ ಮನುಷ್ಯರನ್ನು ನಿಲ್ಲಿಸಿ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಭಾರತದ ಜಾತಿ ಬುಡಕಟ್ಟುಗಳ ಚಿತ್ರಗಳನ್ನು 1868ರಿಂದ 1875ರ ವರೆಗೆ ಎಂಟು ಸಂಪುಟಗಳಲ್ಲಿ ವಾಟ್ಸನ್ ಮತ್ತು ಕೇ ಹೊರತಂದುದೂ ಅದೇ ಕಾಲದಲ್ಲಿ. ಲ್ಯಾಂಪ್ರಿಯ ಕ್ರಮದಲ್ಲಿ ಚಿತ್ರಿತನ ಎತ್ತರ ಅಂಗುಲ ಅಂಗುಲವಾಗಿ ಅಳೆಯಲ್ಪಟ್ಟಿತು. ಅಳೆಯುವವನದು ಚೌಕಟ್ಟಿನ ಹೊರಗೇ ಉಳಿಯಿತು. ಯಲ್ಲಾಪುರ, ಹಳಿಯಾಳಗಳ ಸಿದ್ದಿ ಜನರನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಆಫ್ರಿಕದ ಮೂಲದ ಈ ಜನರನ್ನು ಹುಡುಕಿಕೊಂಡು ಬರುವ ಛಾಯಾಗ್ರಾಹಕರು ತೆರೆಯನ್ನೇನೂ ತರುವುದಿಲ್ಲ. ಆದರೆ ಮಕ್ಕಳನ್ನು ಸುತ್ತ ನಿಲ್ಲಿಸಿ, ಮೇಲಿನಿಂದ ಬಾಗಿ, ಮೇಲೆ ನೋಡುವ ಕಣ್ಣುಗಳನ್ನೇ ತುಂಬಿಕೊಂಡು ಹೋಗುವ ರೂಢಿಯೊಂದಿದೆ. ಆ ಕಣ್ಣುಗಳಲ್ಲಿ ಕಾಣುವ ಯಾಚನೆ ಮಗುವಿನದಲ್ಲ, ಕೋನದ್ದು. ಓದುಗನು ಅದನ್ನು ಮಗುವಿನ ಸ್ವಭಾವವೆಂದೇ ಓದುತ್ತಾನೆ.

ಇತ್ತೀಚಿನ ಜಾತ್ರೆಗಳಲ್ಲಿ ಎಲ್ಲರೂ ಮೊಬೈಲನ್ನು ತಲೆಯ ಮೇಲೆತ್ತಿ ಹಿಡಿಯುವುದರಿಂದ ನಾವು ಮೇಲೆ ಹೇಳಿದ ಪರೀಕ್ಷೆ ಕೆಡುವ ಸಂಭವವುಂಟು. 5 ಅಡಿಯವನ ಚಿತ್ರವೂ ಆರಡಿಗೆ ಮೀರಿದ ಮಟ್ಟದಿಂದ ಬರುತ್ತದೆ. ದೂರದ ತಲೆಗಳು ಮೇಲೇರುತ್ತವೆ. ಮುಂದಿನ ಸಂಶೋಧಕನು ಸಿರ್ಸಿಯ ಜನರೆಲ್ಲ ಪೀಠದ ಮೇಲೆ ನಿಂತಿದ್ದರೆಂದು ತಿಳಿದಾನು. ಆದರೆ ಚಿತ್ರದ ಕೆಳಭಾಗದಲ್ಲಿ ಮುಂದಿನವರ ಎತ್ತಿದ ಕೈಗಳೂ ಬಿದ್ದಿರುವುದರಿಂದ ಸಾಕ್ಷ್ಯ ಪೂರ್ಣವಾಗಿ ಅಳಿದಿಲ್ಲ.

ಕೋಲಸಿರ್ಸಿಯ ಅದೇ ಮನೆಗೆ ಮರುವರ್ಷ ಹೋದಾಗ ನಾವು ಅಂಗಳಕ್ಕಿಳಿದು, ಸಾಲಿನ ತುದಿಯಲ್ಲಿ ಮಣೆಯೊಂದನ್ನು ಹಾಕಿಸಿಕೊಂಡು ಕುಳಿತೆವು. ಚಿತ್ರ ಅಷ್ಟೇನೂ ಚೆನ್ನಾಗಿ ಬರಲಿಲ್ಲ, ಬೆಳಕು ಸಾಲದಾಗಿತ್ತು. ಆ ಹಿರಿಯಳು ನಮ್ಮತ್ತ ನೋಡದೆ ಕತ್ತಿಯನ್ನೇ ನೋಡುತ್ತಿದ್ದಾಳೆ, ಆದರೆ ಮುಖ ಪೂರ್ತಿಯಾಗಿ ಬಂದಿದೆ. ಹಿಂದಿನ ವರ್ಷದ ಚಿತ್ರಗಳಲ್ಲಿ ಎಲ್ಲಿಯೂ ಇಲ್ಲದ ಇನ್ನೊಂದು ವಸ್ತುವೂ ಇದರಲ್ಲಿ ಬಂದಿದೆ. ಹೆಂಗಸರ ತಲೆಗಳ ಹಿಂದೆ, ಅವುಗಳಿಗಿಂತ ಸ್ವಲ್ಪ ಮೇಲೆ, ಚಿತ್ರದ ಉದ್ದಕ್ಕೂ ಜಗುಲಿಯ ಅಂಚು ಹಾದುಹೋಗಿದೆ; ಅದರ ಮೇಲೆ ಕುಳಿತವರ ಪಾದಗಳು ಮಾತ್ರ ಕಾಣುತ್ತಿವೆ.